ಪದಕದ ಬೆನ್ನು

ಹಳೆಯ ಒಡವೆಯನ್ನು ಯಾರಿಗಾದರೂ ತೋರಿಸುವ ಮುಂಚೆ ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಈ ಮಾತು ಹೇಳಿ ಹೇಳಿ ನನ್ನ ಬಾಯಿ ಬತ್ತಿಹೋಗಿದೆ. ಫೋನಿನಲ್ಲಿ ಹೇಳುತ್ತೇನೆ, ಮೆಸೇಜು ಕಳಿಸುತ್ತೇನೆ, ತೆಲುಗಿನಲ್ಲಿ ಹೇಳುತ್ತೇನೆ, ಹಿಂದಿಯಲ್ಲಿ ಹೇಳುತ್ತೇನೆ, ನಮ್ಮವರಾದರೆ ನಮ್ಮ ಭಾಷೆಯಲ್ಲೇ ಬೇಡಿಕೊಳ್ಳುತ್ತೇನೆ. ಆದರೂ ಜನ ಫಳಫಳ ಹೊಳೆಯುವ ಸರ ತಂದು ಮುಂದಿಡುತ್ತಾರೆ. ಡಾಕ್ಟರ ಹತ್ತಿರ ಮಗುವನ್ನು ಒಯ್ಯುವಾಗ ಮೈತೊಳೆದು ಪೌಡರು ಹಚ್ಚುತ್ತಾರಲ್ಲ, ಹಾಗೆ. ಒಡವೆಯ ಸಂದುಗಳಲ್ಲಿ ಕೂತಿದ್ದ ಅರಿಶಿನ, ಎಣ್ಣೆ, ಮೈಬೆವರು, ನನಗೆ ಬೇಕಾದದ್ದೆಲ್ಲ ಅಂಗಡಿಯವನ ನೀರಿನಲ್ಲಿ ಕೊಚ್ಚಿಹೋಗಿರುತ್ತದೆ. ಆಮೇಲೆ ಇದು ಖರೇನೋ ಸುಳ್ಳೋ ಹೇಳಿ ಎಂದು ಎದುರು ಕೂರುತ್ತಾರೆ. ನಾನೇನು ದೇವರೇ?

ನನಗೀಗ ಅರವತ್ತು ದಾಟಿದೆ. ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದು ಸರದಿಯಲ್ಲಿದೆ. ಗಂಡ ನಾಚಾರಂನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಕೊಂಡ ಫ್ಲ್ಯಾಟಿನಲ್ಲಿ, ಕಿಟಕಿಯ ಪಕ್ಕ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ. ಬರುವವರೆಲ್ಲ ಒಂದೇ ಪ್ರಶ್ನೆ ಹಿಡಿದು ಬರುತ್ತಾರೆ. ಈ ಒಡವೆ ಬಾಯಿಯವರು ಮಾಡಿಸಿದ್ದು ಹೌದೋ ಅಲ್ಲವೋ?

ಬಾಯಿಯವರು ಎಂದರೆ ಯಾರೆಂದು ಹೇಳಬೇಕು. ಈ ಊರಿನ ಚಿನ್ನದ ವ್ಯಾಪಾರದಲ್ಲಿ ಹೆಂಗಸರಿಗೆ ಅಂಗಡಿಯ ಬಿಳಿ ಹಾಸಿಗೆಯ ಮೇಲೆ ಕೂತು ಆರಿಸುವ ಕೆಲಸವಷ್ಟೇ ಇದ್ದ ಕಾಲದಲ್ಲಿ, ಹಿಂದಿನ ಕೋಣೆಗೆ ಹೋಗಿ ಪತ್ತಾರರ ಕುಲುಮೆಯ ಎದುರು ಕೂತು, ಹಾಗಲ್ಲ ಹೀಗೆ ಎಂದು ಇದ್ದಿಲಿನಿಂದ ನೆಲದ ಮೇಲೆ ಗೀಚಿ ತೋರಿಸಿದ ಮೊದಲ ಹೆಂಗಸು ಅವರು. ಪತ್ತಾರರು ಮೊದಲು ನಕ್ಕರಂತೆ, ಆಮೇಲೆ ಸಿಟ್ಟಾದರಂತೆ, ಆಮೇಲೆ ಚಹಾ ತರಿಸಿಕೊಟ್ಟರಂತೆ. ಉತ್ತರ ಕರ್ನಾಟಕದಿಂದ ಬಂದು ಸರ್ಕಾರಿ ನೌಕರಿಯಲ್ಲಿ ಇಲ್ಲೇ ಬೇರೂರಿದ ಮನೆಯ ಮಗಳು. ನಾವೆಲ್ಲ ಅವರನ್ನು ಬಾಯಿಯವರು ಎಂದೇ ಕರೆಯುತ್ತಿದ್ದೆವು.

ಬೇಗಂಪೇಟೆಯಲ್ಲಿ ಅವರ ಮನೆಯ ಮಾಳಿಗೆಯೇ ಕಾರ್ಖಾನೆ. ನಾನು ಅಲ್ಲಿ ಸೇರಿದಾಗ ಅವರಿಗೆ ಆಗಲೇ ವಯಸ್ಸಾಗಿತ್ತು, ಕೈ ನಡುಗುತ್ತಿತ್ತು. ಅವರು ಗೀಚಿದ್ದನ್ನು ಅಳತೆಗೆ ಸರಿಯಾಗಿ ತಿದ್ದಿ ಬರೆಯುವುದು, ಹಳೆಯ ನಮೂನೆಗಳನ್ನು ಒರೆಸಿ ಜೋಡಿಸಿಡುವುದು ನನ್ನ ಕೆಲಸ. ವಿಮಾನ ಏರುವಾಗ ಕಿಟಕಿಯ ಗಾಜುಗಳು ಗಡಗಡ ನಡುಗುತ್ತಿದ್ದವು, ನಾವು ಮುತ್ತಿನ ತಟ್ಟೆಯ ಮೇಲೆ ಅಂಗೈ ಮುಚ್ಚಿ ಕೂರುತ್ತಿದ್ದೆವು. ಅವರು ಒಂದು ಒಡವೆಯ ಮೇಲೂ ಹೆಸರು ಹಾಕಲಿಲ್ಲ, ಗುರುತು ಒತ್ತಲಿಲ್ಲ. ಯಾರೋ ಹಾಕಿಕೊಳ್ಳುವ ಒಡವೆಗೆ ನನ್ನ ಹೆಸರೇಕೆ ಎನ್ನುತ್ತಿದ್ದರು. ಹೇಳುವುದಕ್ಕೆ ಚೆನ್ನಾಗಿತ್ತು. ಅದರ ಕಷ್ಟವನ್ನು ಈಗ ನಾನು ಅನುಭವಿಸುತ್ತಿದ್ದೇನೆ.

ನಮ್ಮವರ ಮನೆಗಳಲ್ಲಿ ಬಾಯಿಯವರ ಹೆಸರು ಉಳಿದದ್ದು ಒಂದು ವಿಚಿತ್ರ ಒಡವೆಯಿಂದ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಕಡೆ ಮೊದಲ ಹೆಂಡತಿ ತೀರಿಹೋಗಿ ಗಂಡ ಇನ್ನೊಂದು ಮದುವೆಯಾದರೆ, ಬಂದವಳ ಕೊರಳಿಗೆ ಗಂಡನ ತಾಳಿಯ ಜೊತೆಗೆ ಮತ್ತೊಂದು ಬೀಳುತ್ತಿತ್ತು. ಅದೇ ಸವತಿ ತಾಳಿ. ಒಂದು ಚಿಕ್ಕ ಬಿಲ್ಲೆ, ಅದರ ಮೇಲೆ ಸತ್ತವಳ ಮೂರ್ತಿ. ಬಂದವಳು ದಿನಾ ಸ್ನಾನ ಮಾಡಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಬೇಕು. ಹೊಸ ಸೀರೆ ಉಡುವ ಮುಂಚೆ ಅದಕ್ಕೆ ತಾಗಿಸಬೇಕು. ಇಲ್ಲದಿದ್ದರೆ ಹೋದವಳು ಬಂದು ಕಾಡುತ್ತಾಳೆ ಎಂಬ ಹೆದರಿಕೆ. ಬಾಯಿಯವರ ತಾಯಿಯೇ ಎರಡನೆಯ ಸಂಬಂಧದವರು. ಎದೆಹಾಲು ಕುಡಿಯುವಾಗ ಆ ಬಿಲ್ಲೆ ನನ್ನ ಹಣೆಗೆ ಬಡಿದು ಬಡಿದೇ ನನಗೆ ಸ್ವಲ್ಪ ಜಾಸ್ತಿ ಬುದ್ಧಿ ಬಂತು ಎಂದು ಬಾಯಿಯವರು ನಗಿಸುತ್ತಿದ್ದರು. ಆದರೆ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಹೆಂಗಸರ ಕಣ್ಣು ಮೊದಲು ಆ ಬಿಲ್ಲೆಗೆ, ಆಮೇಲೆ ಅವ್ವನ ಮುಖಕ್ಕೆ ಹೋಗುತ್ತಿದ್ದದ್ದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ.

ಅದಕ್ಕೇ ಅವರು ಸವತಿ ತಾಳಿಯನ್ನು ಮಗುಚಿ ಹಾಕಿದರು. ಮುಂದೆ ಕೆಂಪು ಹರಳು, ಸುತ್ತ ಮುತ್ತು. ನೋಡಿದವರಿಗೆ ಅದೊಂದು ಚೆಂದದ ಪದಕ, ಅಷ್ಟೇ. ಸತ್ತವಳ ಮೂರ್ತಿ ಪದಕದ ಬೆನ್ನಿಗೆ, ಹಾಕಿಕೊಂಡವಳ ಮೈಗೆ ತಾಗುವ ಹಾಗೆ. ಇಬ್ಬರ ನಡುವಿನದು ಇಬ್ಬರ ನಡುವೆಯೇ ಇರಲಿ, ಊರವರಿಗೇನು ಕೆಲಸ ಎನ್ನುವುದು ಅವರ ವಾದ. ಮುಂದಿನ ಚಿನ್ನ ಹೊಸದು. ಬೆನ್ನಿನ ತಗಡು ಮಾತ್ರ ಹೋದವಳದೇ ತಾಳಿಯ ಚಿನ್ನ ಬಡಿದು ಮಾಡಿದ್ದು, ಅದಕ್ಕೆ ಬೇರೆ ಚಿನ್ನ ಬೆರೆಸಲು ಬಿಡುತ್ತಿರಲಿಲ್ಲ. ಇನ್ನೊಂದು ಹಟವಿತ್ತು. ಆ ಮನೆಯವರನ್ನು ಕೂರಿಸಿಕೊಂಡು, ಹೋದವಳು ಹೇಗಿದ್ದಳು ಎಂದು ಕೇಳುತ್ತಿದ್ದರು. ಎಲ್ಲರೂ, ಲಕ್ಷ್ಮಿಯ ಹಾಗಿದ್ದಳು ಎನ್ನುತ್ತಿದ್ದರು. ಅದು ಅವರಿಗೆ ಸಾಲುತ್ತಿರಲಿಲ್ಲ.

"ಲಕ್ಷ್ಮೀನ್ನ ಮಾಡಾಕ ಗುಡಿ ಅದಾವ," ಎನ್ನುತ್ತಿದ್ದರು. "ಇದರಾಗ ಒಂದರ ಖರೇ ಇರಬೇಕು. ಇಲ್ಲಂದ್ರ ಅಕಿ ಯಾರು ಅಂತ ಯಾರಿಗೆ ಗೊತ್ತಾಗ್ತೈತಿ?"

ಹೀಗಾಗಿ ನಾನು ನೋಡಿದ ಮೂರ್ತಿಗಳಲ್ಲಿ ಒಬ್ಬಳು ಎಡಗೈಯಲ್ಲಿ ಸೌಟು ಹಿಡಿದವಳು, ಒಬ್ಬಳು ಕನ್ನಡಕದವಳು, ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ಜಗಳಕ್ಕೆ ನಿಂತವಳು. ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಇಷ್ಟು. ನಕಲು ಮಾಡುವವರಿಗೆ ಇದು ಗೊತ್ತಿಲ್ಲ, ಅವರು ಈಗಲೂ ಲಕ್ಷ್ಮಿಯನ್ನೇ ಮಾಡುತ್ತಾರೆ.

ಹೋದ ಚಳಿಗಾಲದಲ್ಲಿ ಒಂದು ಸಂಸ್ಥೆಯವರು ಬಾಯಿಯವರ ಒಡವೆಗಳ ಪ್ರದರ್ಶನ ಮಾಡುತ್ತೇವೆಂದು ಹೊರಟರು. ಊರಿನ ಪೆಟ್ಟಿಗೆಗಳೆಲ್ಲ ತೆರೆದುಕೊಂಡವು. ಅವರ ಹತ್ತಿರ ಒಂದು ಯಂತ್ರವಿತ್ತು; ಒಡವೆಯ ಮೇಲೆ ಕಿರಣ ಬಿಟ್ಟು ಯಾವ ಲೋಹ ಎಷ್ಟಿದೆ ಎಂದು ಹೇಳುತ್ತದೆ. ಯಂತ್ರಕ್ಕೆ ಅನುಮಾನ ಬಂದದ್ದನ್ನು ನನ್ನ ಹತ್ತಿರ ಕಳಿಸುತ್ತಿದ್ದರು. ಬಹಳಷ್ಟು ನಕಲು. ದಿನವಿಡೀ ಒಬ್ಬೊಬ್ಬರ ಮುಖ ನೋಡಿ ಅಲ್ಲ, ಅಲ್ಲ ಎನ್ನುವುದು ಎಂಥ ಕೆಲಸವೋ ನನಗೆ ಗೊತ್ತು. ಕೆಲವರು ಜಗಳಕ್ಕೆ ಬರುತ್ತಿದ್ದರು. ಕೆಲವರು ಸುಮ್ಮನೆ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದರು. ಹಾಗೆ ಹೋದವರ ದಿನ ನನಗೆ ಊಟ ಸೇರುತ್ತಿರಲಿಲ್ಲ. ಇದೊಂದು ಮುಗಿಸಿ ಕೈ ತೊಳೆದುಕೊಳ್ಳುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ಹೋದ ವರ್ಷವೂ ಇದನ್ನೇ ಹೇಳಿದ್ದೆಯಲ್ಲ ಎಂದರು.

ಆ ದಿನಗಳಲ್ಲೇ ಕೂಕಟ್‌ಪಲ್ಲಿಯ ಆ ಹೆಂಗಸು ಬಂದದ್ದು. ನನಗಿಂತ ಒಂದೆರಡು ವರ್ಷ ಚಿಕ್ಕವರಿರಬೇಕು. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಿಳಿಗೂದಲನ್ನು ಗಂಡುಮಕ್ಕಳ ಹಾಗೆ ಮೋಟಾಗಿ ಕತ್ತರಿಸಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ನೀರೂ ಬೇಡ ಎಂದು, ಡಬ್ಬಿ ತೆಗೆದು ಪದಕವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಎಲ್ಲರೂ ಮುಂಭಾಗ ತೋರಿಸುತ್ತಾರೆ. ಇವರು ಬೆನ್ನು ತೋರಿಸಿದರು.

ಬೆನ್ನು ಬೋಳಾಗಿತ್ತು. ಮೂರ್ತಿ ಇರಬೇಕಾದ ಕಡೆ ನುಣ್ಣನೆಯ ಚಿನ್ನ. ಅದೂ ಕನ್ನಡಿಯ ಹಾಗೆ ಹೊಳೆಯುವ ಚಿನ್ನ. ಪಾಲಿಶ್ ಮಾಡಿಸಿದಿರಾ ಎಂದೆ. ಹೌದು, ಬೇಗಂಪೇಟೆಯ ಒಂದು ಅಂಗಡಿಯಲ್ಲಿ ಎಂದರು. ಅಯ್ಯೋ ನನ್ನ ಹಣೆಬರಹವೇ ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕೊಳೆಯ ಕೆಳಗೆ ಮುಖವಿದೆಯೇನೋ ಎಂದು ತೊಳೆಸಿದೆ ಎಂದರು.

ಆಮೇಲೆ ಅವರ ಕಥೆ ಹೊರಬಂತು. ತಾಯಿ ತೀರಿಹೋದಾಗ ಇವರಿಗಿನ್ನೂ ನಡಿಗೆ ಬಂದಿರಲಿಲ್ಲ. ತಾಯಿಯದು ಒಂದು ಫೋಟೋ ಕೂಡ ಇಲ್ಲ. ಆ ಕಡೆಯವರೂ ಯಾರೂ ಉಳಿದಿಲ್ಲ. ತಂದೆ ಎರಡನೆಯ ಮದುವೆಯಾದಾಗ ಹೊಸ ಹೆಂಡತಿಗೆ ಬಾಯಿಯವರ ಹತ್ತಿರ ಈ ಪದಕ ಮಾಡಿಸಿದರು. ನಿಮ್ಮ ಅವ್ವ ಇದರ ಹಿಂದೆ ಇದ್ದಾಳೆ ಎಂದು ತಂದೆ ಹೇಳುತ್ತಿದ್ದರು. ಆದರೆ ಚಿಗವ್ವ ಮುಟ್ಟಗೊಡುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ. ತಂದೆ ಸತ್ತ ದಿನ ನೆಂಟರ ಹೆಂಗಸರು ಬಂದು ಚಿಗವ್ವನ ತಾಳಿ ತೆಗೆದರು; ಪದಕಕ್ಕೆ ಕೈ ಹಾಕಿದಾಗ ಮಾತ್ರ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡಲಿಲ್ಲವಂತೆ. ಇವಳಿಗೆ ಒಡವೆಯ ಆಸೆ ನೋಡು ಎಂದು ನಾಲ್ಕು ಜನ ಆಡಿಕೊಂಡರು. ಮಗಳೂ ಹಾಗೇ ಅಂದುಕೊಂಡರು. ಚಿಗವ್ವನಿಗೆ ಸ್ವಂತ ಮಕ್ಕಳಿಲ್ಲ. ಈಗ ತೊಂಬತ್ತರ ಹತ್ತಿರ. ಇವರ ಮನೆಯಲ್ಲೇ ಹಾಸಿಗೆ ಹಿಡಿದಿದ್ದಾರೆ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವಾಗ ನರ್ಸು ಮೈಮೇಲಿನ ಲೋಹ ಎಲ್ಲ ತೆಗೆಯಬೇಕು ಎಂದಾಗ ಮೊದಲ ಸಲ ಪದಕ ಮಗಳ ಕೈಗೆ ಬಂತು. ಅಲ್ಲೇ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಿರುಗಿಸಿ ನೋಡಿದರು. ಜೀವಮಾನವೆಲ್ಲ ಕಾದು ನೋಡಿದರೆ ಅಲ್ಲಿ ಅವ್ವ ಇರಲಿಲ್ಲ.

ಸಂಸ್ಥೆಯವರ ಯಂತ್ರ, ಮುಂದಿನ ಚಿನ್ನ ಬೇರೆ ಹಿಂದಿನ ಚಿನ್ನ ಬೇರೆ, ಆದ್ದರಿಂದ ಬೆನ್ನಿನ ತಗಡು ಆಮೇಲೆ ಹಾಕಿಸಿದ್ದು ಎಂದಿತ್ತು. ಅಂದರೆ ಚಿಗವ್ವ ಮೂರ್ತಿಯ ತಗಡು ಕೀಳಿಸಿ ಬೋಳು ತಗಡು ಕೂರಿಸಿದ್ದಾಳೆ. ಇಲ್ಲವೇ ಅರ ಹಾಕಿಸಿ ಮೂರ್ತಿಯನ್ನು ಸವರಿಸಿದ್ದಾಳೆ. ಎರಡರಲ್ಲಿ ಯಾವುದು ಎಂದು ನಾನು ಹೇಳಬೇಕು. ಇಷ್ಟನ್ನೂ ಆ ಹೆಂಗಸು ಲೆಕ್ಕಪತ್ರ ಓದುವವರ ಹಾಗೆ ಹೇಳಿದರು. ಕೊನೆಗೆ ಮಾತ್ರ ದನಿ ಬದಲಾಯಿತು.

"ಅಕಿ ಇನ್ನ ಭಾಳ ದಿನ ಇರೂದಿಲ್ರಿ ಅಕ್ಕಾರ. ನಮ್ಮ ಅವ್ವನ್ನ ಅಕಿ ಅಳಿಸಿದ್ದು ಖರೇ ಅಂದ್ರ, ಅಕಿ ಬಾಯಿಗೆ ನಾ ನೀರು ಬಿಡೂದಿಲ್ಲ. ಬ್ಯಾರೇ ಯಾರರ ಬಂದು ಬಿಡ್ಲಿ. ನನಗ ಗೊತ್ತಾಗಬೇಕು."

ಸಾಯುವವರ ಬಾಯಿಗೆ ಬಿಡುವ ಕೊನೆಯ ನೀರು. ಅದನ್ನು ತೀರ್ಮಾನ ಮಾಡುವ ಕೆಲಸ ನನ್ನ ಮೇಜಿನ ಮೇಲೆ ಬಂದು ಬಿತ್ತು. ನನಗೆ ಸಿಟ್ಟು ಬಂತು. ನಾನು ಒಡವೆ ನೋಡುವವಳು. ಮನೆಮನೆಯ ಪಂಚಾಯಿತಿ ನನಗೇಕೆ? ಎರಡು ದಿನ ಬಿಟ್ಟು ಫೋನ್ ಮಾಡುತ್ತೇನೆ ಎಂದು ಕಳಿಸಿಬಿಟ್ಟೆ.

ಎರಡು ದಿನವೂ ಪದಕ ನನ್ನ ಮೇಜಿನ ಮೇಲೇ ಇತ್ತು. ಯಂತ್ರ ಹೇಳಿದ್ದು ತಪ್ಪು ಎಂದು ನನಗೆ ಮೊದಲೇ ಗೊತ್ತು. ಚಿನ್ನ ಬೇರೆ ಬೇರೆ ಇರುವುದೇ ಬಾಯಿಯವರ ಕೈ. ಅಂಚಿನ ಬೆಸುಗೆಯೂ ಅವರ ಪತ್ತಾರರದೇ, ಬಿಚ್ಚಿ ಮತ್ತೆ ಕೂರಿಸಿದ ಲಕ್ಷಣ ಎಲ್ಲಿಯೂ ಇಲ್ಲ. ಹಾಗಾದರೆ ತಗಡು ಹಳೆಯದೇ, ಆ ತಾಯಿಯ ತಾಳಿಯದೇ. ಉಳಿದದ್ದು ಒಂದೇ ಪ್ರಶ್ನೆ. ಮೂರ್ತಿಯನ್ನು ಅರ ಹಾಕಿ ಸವರಿದರೋ, ತಾನಾಗಿ ಸವೆಯಿತೋ? ಅರ ಹಾಕಿದ್ದರೆ ಗೀರು ಉಳಿಯುತ್ತದೆ. ಬೆರಳು ತಾಗಿ ತಾಗಿ ಸವೆದಿದ್ದರೆ ನಡುವೆ ಚೂರು ತಗ್ಗಾಗುತ್ತದೆ, ಅಂಚಿನಲ್ಲಿ ಕುಂಕುಮದ ಕೆಂಪು ಕೂತಿರುತ್ತದೆ. ಯಾವುದೂ ಇಲ್ಲ. ಗೀರಿದ್ದರೂ ಕುಂಕುಮವಿದ್ದರೂ ಪಾಲಿಶ್ ಎಲ್ಲವನ್ನೂ ತಿಂದಿತ್ತು. ನಡುವೆ ತಗ್ಗಿದೆ ಎಂದು ಒಮ್ಮೆ ಅನಿಸುತ್ತಿತ್ತು, ಒಮ್ಮೆ ಇಲ್ಲ ಅನಿಸುತ್ತಿತ್ತು. ನನ್ನ ಒಂದೂವರೆ ಕಣ್ಣನ್ನು ನಾನೇ ನಂಬುವಂತಿರಲಿಲ್ಲ.

ಒಂದೇ ಒಂದು ವಸ್ತು ನನ್ನನ್ನು ಕಾಡುತ್ತಿತ್ತು. ತಗಡಿನ ಕೆಳತುದಿಯಲ್ಲಿ, ಒಂದು ಮಗ್ಗುಲಿಗೆ, ಅಂಚಿನ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ಸಣ್ಣ ಉಬ್ಬು. ಅಕ್ಕಿನುಚ್ಚಿಗಿಂತ ಚಿಕ್ಕದು. ಬೆಸುಗೆಯ ಹನಿ ಸಿಡಿದದ್ದಿರಬೇಕು ಎಂದುಕೊಂಡೆ. ಆದರೆ ಬಾಯಿಯವರು ಅಂಥ ಹನಿ ಉಳಿಸಿದ ಒಡವೆಯನ್ನು ಮಾಳಿಗೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಹಾಗಿದ್ದರೆ ಅದೇನು?

ಗೊತ್ತಾಗುವುದಿಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಸುಳ್ಳೇನೂ ಅಲ್ಲ. ಮೂರನೆಯ ದಿನ ಬೆಳಿಗ್ಗೆ ಹಾಗೆ ಹೇಳಲೆಂದೇ ಫೋನ್ ಎತ್ತಿಕೊಂಡವಳು, ನಿಮ್ಮ ಚಿಗವ್ವನನ್ನು ಒಮ್ಮೆ ನೋಡಬಹುದೇ ಎಂದು ಕೇಳಿಬಿಟ್ಟೆ. ಬರ್ರಿ ಎಂದರು.

ಬಸ್ಸು ಹಿಡಿದು, ಮೆಟ್ರೋ ಹತ್ತಿದೆ. ಬೇಗಂಪೇಟೆ ದಾಟುವಾಗ ಅಭ್ಯಾಸದಂತೆ ಕಿಟಕಿಯಲ್ಲಿ ಕಣ್ಣಿಟ್ಟೆ. ಬಾಯಿಯವರ ಮನೆಯಿದ್ದ ಜಾಗದಲ್ಲಿ ಗಾಜಿನ ಕಟ್ಟಡ ಎದ್ದು ಎಷ್ಟೋ ಕಾಲವಾಯಿತು. ಆದರೂ ನೋಡುತ್ತೇನೆ. ಅಮೀರ್‌ಪೇಟೆಯಲ್ಲಿ ಇಳಿದು ಬದಲಿಸುವಾಗ ಮಂಡಿ ನೋವು ಶುರುವಾಯಿತು. ಈ ವಯಸ್ಸಿನಲ್ಲಿ ಯಾರದೋ ಸವತಿಯ ಹಿಂದೆ ಊರು ಸುತ್ತುತ್ತಿದ್ದೇನಲ್ಲ ಎಂದು ನನ್ನ ಮೇಲೇ ನನಗೆ ಬೇಸರವಾಯಿತು. ಮನೆಗೆ ಹಿಂತಿರುಗಿ ಒಂದು ಲೋಟ ಚಹಾ ಕುಡಿದು ಮಲಗಿಬಿಡಬೇಕು ಅನಿಸಿತು.

ಫ್ಲ್ಯಾಟು ಚಿಕ್ಕದು, ಚೊಕ್ಕವಾಗಿತ್ತು. ಒಳಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಅಜ್ಜಿ ದಿಂಬಿಗೆ ಒರಗಿ ಕೂತಿದ್ದರು. ಹಾಸಿಗೆಯ ಚಾದರ ಅಂದೇ ಬದಲಿಸಿದ್ದು, ಅಜ್ಜಿಯ ತಲೆ ಬಾಚಿ, ಉಗುರು ಕತ್ತರಿಸಲಾಗಿತ್ತು. ಮಗಳು ಸಿಟ್ಟಿನಲ್ಲೂ ಸೇವೆ ಬಿಟ್ಟಿರಲಿಲ್ಲ. ಆದರೆ ಕೋಣೆಯೊಳಗೆ ಬರಲಿಲ್ಲ, ಬಾಗಿಲಿಗೆ ಒರಗಿ ನಿಂತರು. ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರ ನಡುವೆ ಊಟ, ಗುಳಿಗೆ ಬಿಟ್ಟರೆ ಮಾತಿಲ್ಲ ಎಂದು ಹೊರಕೋಣೆಯಲ್ಲೇ ನನಗೆ ಹೇಳಿದ್ದರು. ಪದಕ ಎಲ್ಲಿ ಎಂದು ಅಜ್ಜಿ ಕೇಳಿಲ್ಲ, ಇವರು ಹೇಳಿಲ್ಲ.

ನಾನು ಮಂಚದ ಹತ್ತಿರ ಕೂತೆ. ಅಜ್ಜಿಯ ಬಲಗೈ ಕೊರಳ ಹತ್ತಿರವೇ ಇತ್ತು. ಪದಕವಿರಬೇಕಾದ ಕಡೆ ಏನೂ ಇಲ್ಲ. ಆದರೂ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಸುತ್ತುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೂತೆ. ಪಾಲಿಶ್‌ನವನಿಗೆ ಅಳಿಸಲಾಗದ್ದು ಇಲ್ಲಿತ್ತು. ಆದರೆ ಇಷ್ಟರಿಂದಲೇ ಹೇಳಿಬಿಡಲು ಧೈರ್ಯ ಬರಲಿಲ್ಲ. ಚೀಲದಿಂದ ಪದಕ ತೆಗೆದು ಅವರ ಅಂಗೈ ಮೇಲೆ ಬೋರಲಾಗಿ ಇಟ್ಟು, ಇದರ ಮೇಲೆ ಇದ್ದವರು ಎಲ್ಲಿ ಹೋದರಜ್ಜಿ ಎಂದು ಕೇಳಿದೆ.

ಅಜ್ಜಿ ಅದರ ಹೊಳಪು ನೋಡಿ ಮುಖ ಸಿಂಡರಿಸಿದರು. ತೊಳೆದದ್ದು ಯಾರು ಎಂದರು. ಆಮೇಲೆ ಬಾಗಿಲ ಕಡೆ ನೋಡದೆ, ನನಗೆ ಹೇಳಿದರು. ಮಾತು ನಿಧಾನವಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ನಾನ ತಿಕ್ಕಿದೆ. ಸುಳ್ಳು ಯಾಕ ಹೇಳ್ಲಿ. ಮದಿವ್ಯಾದ ಹೊಸತರಾಗ ಭಾಳ ಸಿಟ್ಟಿತ್ತು. ನನ್ನ ಕೊಳ್ಳಾಗ ಇಕಿ ಯಾಕ ಅಂತ. ಹುಣಸೀಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ನೋಡಿದೆ. ಹೋಗ್ಲಿಲ್ಲ ಅಕಿ."

ಬಾಗಿಲಲ್ಲಿ ನಿಂತವರು ಉಸಿರೆಳೆದದ್ದು ನನಗೆ ಕೇಳಿಸಿತು. ಸಾಕು, ಇನ್ನು ಮಾತಾಡಬೇಡಿ ಎಂದು ಆ ಮುದುಕಿಯ ಬಾಯಿ ಮುಚ್ಚಬೇಕು ಅನಿಸಿತು. ಅವರು ನಿಲ್ಲಿಸಲಿಲ್ಲ.

ಒಂದು ಮಳೆಗಾಲ ಕೂಸಿಗೆ ಜ್ವರ ಬಂತಂತೆ. ಇಳಿಯಲೇ ಇಲ್ಲ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಅಕ್ಕಪಕ್ಕದವರ ಭಾಷೆ ಬರುತ್ತಿರಲಿಲ್ಲ. ಯಾರಿಗೆ ಹೇಳಬೇಕೋ ತಿಳಿಯದೆ ಪದಕ ತಿರುಗಿಸಿ ಅವಳಿಗೇ ಹೇಳಿದರಂತೆ. ನಿನ್ನ ಕೂಸು ಸುಡುತ್ತಿದೆ, ನನಗೇನೂ ಗೊತ್ತಾಗುವುದಿಲ್ಲ, ನೀನೇ ನೋಡಿಕೋ ಎಂದು. ಬೆಳಗಾಗುವವರೆಗೆ ಅದನ್ನು ಬೆರಳಿನಲ್ಲಿ ಹಿಡಿದೇ ಕೂತಿದ್ದರು. ಜ್ವರ ಬಿಟ್ಟಿತು. ಅಂದಿನಿಂದ ಅದು ರೂಢಿಯಾಯಿತು. ಕೂಸು ಶಾಲೆಗೆ ಹೋಯಿತು, ಕೂಸು ದೊಡ್ಡವಳಾದಳು, ಕೂಸಿಗೆ ನೌಕರಿ ಬಂತು, ಎಲ್ಲವನ್ನೂ ಅವಳಿಗೆ ಹೇಳುವುದು. ಹೇಳುವಾಗ ಹೆಬ್ಬೆರಳು ಅವಳ ಮೇಲೆ. ದಿನಾ ಅರಿಶಿನ ಕುಂಕುಮ. ಗಂಡ ಸತ್ತ ದಿನ ಪದಕ ಬಿಡದಿದ್ದದ್ದೂ ಅದಕ್ಕೇ. ನನ್ನ ಕುಂಕುಮ ಹೋಯಿತು, ಅವಳು ಮುತ್ತೈದೆಯಾಗಿ ಸತ್ತವಳು, ಅವಳದನ್ನು ತಪ್ಪಿಸಲು ನಾನ್ಯಾರು ಎಂದು ಅಜ್ಜಿ ನನ್ನನ್ನೇ ಕೇಳಿದರು. ಅದನ್ನು ನೆಂಟರಿಗೆ ಯಾಕೆ ಹೇಳಲಿಲ್ಲ ಎಂದೆ. ಯಾರು ಕೇಳಿದರು ಎಂದರು.

"ಒಂದಿನ ತಿರುವಿ ನೋಡಿದ್ರ ಮುಖಾನ ಇಲ್ಲ," ಎಂದರು ಅಜ್ಜಿ. "ಸಿಟ್ಟಿಲೆ ತಿಕ್ಕಿದಾಗ ಹೋಗದಾಕಿ, ಮಾತಾಡ್ತ ಮಾತಾಡ್ತ ಹೋಗಿಬಿಟ್ಲು. ಅವತ್ತು ಭಾಳ ಅತ್ತೆ. ಕೂಸಿಗೆ ಹೆಂಗ ತೋರಿಸ್ಲಿ? ಅದಕ್ಕ ಮುಟ್ಟಾಕ ಕೊಡಲಿಲ್ಲ."

ಕೆಳಗೆ ರಸ್ತೆಯಲ್ಲಿ ತರಕಾರಿಯವನು ಮೈಕಿನಲ್ಲಿ ಕೂಗುತ್ತಿದ್ದ. ನನಗೆ ಬಾಯಿಯವರ ಮಾತು ನೆನಪಾಯಿತು, ಒಂದಾದರೂ ನಿಜ ಇರಬೇಕು ಎಂದದ್ದು. ಮೂರ್ತಿಯಲ್ಲಿ ಅವಳು ಹೇಗಿದ್ದಳು, ನಿಮಗೇನಾದರೂ ನೆನಪಿದೆಯೇ ಎಂದು ಕೇಳಿದೆ. ನೆನಪಿರದೆ ಏನು ಎನ್ನುವಂತೆ ಅಜ್ಜಿ ನನ್ನ ಮುಖ ನೋಡಿದರು. ಮುಖ ಸಣ್ಣದು, ಎಲ್ಲರ ಹಾಗೆ. ಆದರೆ ಹೆರಳು ಬೆನ್ನ ಮೇಲಲ್ಲ. ಎಡಹೆಗಲ ಮೇಲಿಂದ ಮುಂದೆ ಎಳೆದುಕೊಂಡು, ತುದಿಯನ್ನು ಸೊಂಟದ ಕೆಳಗಿನವರೆಗೆ ಇಳಿಬಿಟ್ಟವಳು. ಅಷ್ಟು ಉದ್ದದ ಹೆರಳು. ಅಜ್ಜಿ ಕೈಯಿಂದ ತಮ್ಮ ಮೈಮೇಲೆ ತೋರಿಸಿದರು.

ನಾನು ಪದಕ ಎತ್ತಿಕೊಂಡು ಕಿಟಕಿಗೆ ಹೋದೆ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಮೊಬೈಲಿನ ಬೆಳಕನ್ನು ಮಗ್ಗುಲಿಂದ ಓರೆಯಾಗಿ ಬಿಟ್ಟೆ. ಆ ಉಬ್ಬು ಅಲ್ಲೇ ಇತ್ತು. ಮೂರ್ತಿಗೆ ಎಡಗಡೆ ಯಾವುದೋ ಆ ಕಡೆ, ಕೆಳಗೆ, ಅಂಚಿನ ಬುಡದಲ್ಲಿ. ಬೆರಳು ಹೋಗಲಾರದ ಸಂದಿನಲ್ಲಿ. ಓರೆ ಬೆಳಕಿನಲ್ಲಿ ಅದರ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು ಎದ್ದವು. ತುದಿಯಲ್ಲಿ ಕುಚ್ಚು. ಬೆಸುಗೆಯ ಹನಿ ಎಂದುಕೊಂಡದ್ದು ಹೆರಳಿನ ತುದಿಯಾಗಿತ್ತು.

ಬಾಗಿಲಲ್ಲಿದ್ದವರನ್ನು ಕರೆದು ಭೂತಗನ್ನಡಿ ಕೊಟ್ಟೆ, ಹೇಗೆ ನೋಡಬೇಕೆಂದು ತೋರಿಸಿದೆ. ಇದು ಬಾಯಿಯವರದೇ, ತಗಡು ನಿಮ್ಮ ತಾಯಿಯ ತಾಳಿಯದೇ, ಅರ ಹಾಕಿದ್ದಲ್ಲ, ಇಷ್ಟು ಮಾತ್ರ ಉಳಿದಿದೆ ಎಂದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅವರ ಕೈ ತಾನಾಗಿ ಎಡಹೆಗಲ ಮೇಲೆ ಹೋಗಿ, ಅಲ್ಲಿ ಏನೂ ಇಲ್ಲದೆ, ಹಾಗೇ ನಿಂತಿತು.

ಶಾಲೆಗೆ ಹೋಗುವಾಗಿನ ಮಾತು, ಎಂದು ನನಗೆ ಹೇಳತೊಡಗಿದರು. ಚಿಗವ್ವ ದಿನಾ ಹೆರಳು ಹೆಣೆದು ಎಡಹೆಗಲ ಮೇಲಿಂದ ಮುಂದಕ್ಕೆ ಎಳೆದು ಕಳಿಸುತ್ತಿದ್ದಳು. ಹುಡುಗಿಯರು ನಗುತ್ತಿದ್ದರು. ದಾರಿಯಲ್ಲಿ ಹಿಂದಕ್ಕೆ ಹಾಕಿಕೊಂಡರೆ ಮನೆಯಲ್ಲಿ ಬೈಗುಳ. ನನ್ನನ್ನು ನಗೆಪಾಟಲು ಮಾಡಲೆಂದೇ ಹೀಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ನೌಕರಿ ಸಿಕ್ಕ ಮೊದಲ ವಾರವೇ ಹೋಗಿ ಕೂದಲು ಕತ್ತರಿಸಿಕೊಂಡು ಬಂದೆ. ಅವತ್ತು ಚಿಗವ್ವ ಊಟ ಮಾಡಲಿಲ್ಲ. ನಾಲ್ಕು ಜನ ಏನಂದಾರು ಎಂದು ಅಳುತ್ತಾಳೆ ಅಂದುಕೊಂಡೆ.

ಅವರು ಮಂಚದ ಕಡೆ ತಿರುಗಿದರು. "ಚಿಗವ್ವಾ, ಒಂದ ಸಲ ಹೇಳಿದ್ರ ಏನಾಗ್ತಿತ್ತ?"

"ಏನ್ ಹೇಳ್ಲಿ," ಎಂದರು ಅಜ್ಜಿ. "ಮುಖ ನಾ ಕಳದಿದ್ದೆ. ಹೆರಳು ನೀ ಕಳದಿ. ಇಬ್ಬರೂ ಕೂಡಿ ಅಕಿನ್ನ ಕಳಕೊಂಡ್ವಿ ಅಂತ ಸುಮ್ಮನಾದೆ."

ನಾನು ಚೀಲ ಎತ್ತಿಕೊಂಡು ಎದ್ದೆ. ಅಲ್ಲಿ ನನಗೆ ಇನ್ನು ಕೆಲಸವಿರಲಿಲ್ಲ. ಹೊರಡುವಾಗ ತಿರುಗಿ ನೋಡಿದರೆ ಮಗಳು ಮಂಚದ ಅಂಚಿನಲ್ಲಿ ಕೂತು, ಪದಕದ ಸರವನ್ನು ಚಿಗವ್ವನ ಕೊರಳ ಹಿಂದೆ ಸಿಕ್ಕಿಸಲು ಒದ್ದಾಡುತ್ತಿದ್ದರು. ಕೊಂಡಿ ಸಣ್ಣದು, ಕಣ್ಣು ಮಂಜಾಗಿತ್ತು. ನಾನು ಸಹಾಯ ಮಾಡಬಹುದಿತ್ತು, ಮಾಡಲಿಲ್ಲ. ಮೆಟ್ರೋದಲ್ಲಿ ಕೂತ ಮೇಲೆ ನನಗೆ ಅಳು ಬಂತು. ಎದುರಿನ ಹುಡುಗಿ ನೀರಿನ ಬಾಟಲಿ ಚಾಚಿದಳು. ಪೊರೆಯ ಕಣ್ಣು, ನೀರು ಸುರಿಯುತ್ತದೆ ಎಂದು ತೆಲುಗಿನಲ್ಲಿ ಸುಳ್ಳು ಹೇಳಿದೆ.

ಸಂಸ್ಥೆಯವರಿಗೆ ಇದು ಬಾಯಿಯವರದೇ ಎಂದು ಬರೆದು ಕಳಿಸಿದೆ. ಪದಕವನ್ನು ಪ್ರದರ್ಶನಕ್ಕೆ ಕೊಡಿಸಿ ಎಂದು ಅವರು ಬೆನ್ನು ಹತ್ತಿದರು. ಅದು ನನ್ನ ಕೈಯಲ್ಲಿಲ್ಲ ಎಂದೆ. ಪ್ರದರ್ಶನ ಆಯಿತು, ಮುಗಿಯಿತು. ನಾನು ಹೋಗಲಿಲ್ಲ, ಮಂಡಿ ನೋವೆಂದು ನೆಪ ಹೇಳಿದೆ. ಬೇಸಿಗೆ ಶುರುವಾಗುವ ಹೊತ್ತಿಗೆ ಕೂಕಟ್‌ಪಲ್ಲಿಯಿಂದ ಫೋನ್ ಬಂತು. ಚಿಗವ್ವ ಹೋದರು ಎಂದರು. ಕೊನೆಯವರೆಗೆ ಮಾತಿತ್ತಂತೆ. ದಿನಾ ಬೆಳಿಗ್ಗೆ ಕೇಳಿ ತರಿಸಿಕೊಂಡು, ಅವಳಿಗೆ ಅರಿಶಿನ ಕುಂಕುಮ ತಪ್ಪಿಸಲಿಲ್ಲವಂತೆ. ಕೈ ಏಳದಾದಾಗ ಮಗಳೇ ಆ ಹೆಬ್ಬೆರಳು ಹಿಡಿದು ಹಚ್ಚಿಸಿದ್ದಾರೆ. ನಾನು ಕೇಳಬಾರದೆಂದುಕೊಂಡರೂ ಅವರೇ ಹೇಳಿದರು.

"ನೀರು ನಾನ ಬಿಟ್ಟೆರಿ, ಅಕ್ಕಾರ. ಪದಕ ನನ್ನ ಕೊಳ್ಳಾಗ ಐತಿ. ಸಂದಿನಾಗ ಅಕಿ ಹಚ್ಚಿದ ಅರಿಶಿಣ ಕುಂತೈತಿ. ಪಾಲಿಶ್ ಮಾಡ್ಸಿಲ್ಲ."

ಒಳ್ಳೆಯದಾಯಿತು ಎಂದೆ. ಆಮೇಲೆ, ಊಟ ಆಯಿತೇ ಎಂದು ಕೇಳಿದೆ.